ನೀವು ಕೇಳಿದ್ದು: ಮನೆ ಹೋಗಿದ್ದು ಗಾಳಿಗೋ ನೀರಿಗೋ?

ಕತ್ರಿನಾ ಚಂಡಮಾರುತಕ್ಕೆ 20 ವರ್ಷ ತುಂಬಿತು ಅಂತ ಈಚೆಗೆ ಅರ್ಧ ಪುಟ ಬರೆದಿದ್ದೆ. 2005ರ ಆಗಸ್ಟ್ 29ರ ಬೆಳಗ್ಗೆ ಅದು ಅಮೆರಿಕದ ಲೂಯಿಸಿಯಾನಾ ಕರಾವಳಿಗೆ ಬಡಿದಿದ್ದು, ಪ್ರವಾಹ ತಡೆಯಲು ಕಟ್ಟಿದ್ದ ಗೋಡೆಗಳು ಬಿದ್ದು ನ್ಯೂ ಆರ್ಲಿಯನ್ಸ್ ನಗರದ ಶೇ. 80ರಷ್ಟು ಭಾಗ ಮುಳುಗಿದ್ದು, ಪಕ್ಕದ ಮಿಸಿಸಿಪ್ಪಿ ರಾಜ್ಯದ ಕಡಲೂರುಗಳು ನೆಲಸಮವಾಗಿದ್ದು, ಇಷ್ಟೇ ವಿಷಯ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎಚ್ಚರಿಕೆ ಮೊದಲೇ ಇತ್ತು. ಶ್ರೀಮಂತ ದೇಶ, ಮನೆಗೊಂದು ಕಾರು. ಆದರೂ ಜನ ಯಾಕೆ ಊರು ಬಿಡಲಿಲ್ಲ?
– ಓದುಗರೊಬ್ಬರು, ದಾವಣಗೆರೆ

ಮನೆಗೊಂದು ಕಾರು ಅನ್ನುವುದೇ ತಪ್ಪು ಲೆಕ್ಕ ಸಾರ್. ನ್ಯೂ ಆರ್ಲಿಯನ್ಸ್‌ನಲ್ಲಿ ಕಾರಿಲ್ಲದವರೇ ಸುಮಾರು ಒಂದು ಲಕ್ಷ ಜನ ಇದ್ದರು. ಊರು ಖಾಲಿ ಮಾಡಲೇಬೇಕು ಅಂತ ಮೇಯರ್ ಆದೇಶ ಹೊರಡಿಸಿದ್ದು 28ರ ಬೆಳಗ್ಗೆ, ಅಂದರೆ ಉಳಿದಿದ್ದು ಒಂದೇ ದಿನ. ಅದೂ ತಿಂಗಳ ಕೊನೆ. ಪಿಂಚಣಿ, ಸರ್ಕಾರಿ ನೆರವಿನ ಚೆಕ್ಕು ನಂಬಿಕೊಂಡವರಿಗೆ ದುಡ್ಡು ಬರುವುದು ಒಂದನೇ ತಾರೀಖಿನ ಹೊತ್ತಿಗೆ. ಪೆಟ್ರೋಲಿಗೇ ಕಾಸಿಲ್ಲ, ಲಾಡ್ಜಿಗೆ ಎಲ್ಲಿಂದ ತರುತ್ತಾರೆ? ಇಷ್ಟಾದರೂ ನಗರದ ಬಹುಪಾಲು ಜನ ಹೊರಟಿದ್ದರು, ಅದನ್ನೂ ಹೇಳಬೇಕು. ಉಳಿದವರಲ್ಲಿ ಮುದುಕರು ಜಾಸ್ತಿ. ಲೂಯಿಸಿಯಾನಾದಲ್ಲಿ ಸತ್ತವರ ಪೈಕಿ ಹೆಚ್ಚುಕಮ್ಮಿ ಅರ್ಧದಷ್ಟು ಜನ 75 ದಾಟಿದವರು.

ಮಿಸಿಸಿಪ್ಪಿ ಕಡೆ ಕಥೆಯೇ ಬೇರೆ. ಅಲ್ಲಿಗೆ 1969ರಲ್ಲಿ ಕಮೀಲ್ ಅನ್ನುವ ಭಾರೀ ಚಂಡಮಾರುತ ಬಂದಿತ್ತು. ಕಮೀಲ್‌ಗೇ ಜಗ್ಗದ ಮನೆ ಇದು, ಇದಕ್ಕೇನಾಗುತ್ತೆ ಅಂತ ಎಷ್ಟೋ ಹಿರಿಯರು ಕೂತೇ ಇದ್ದರು. ಈ ಸಲ ಪಾಸ್ ಕ್ರಿಶ್ಚಿಯನ್ ಅನ್ನುವ ಊರಿನಲ್ಲಿ ಕಡಲು ಸುಮಾರು 28 ಅಡಿ ಉಬ್ಬಿ ಬಂತು, ಮಹಡಿ ಮನೆಯಷ್ಟು ಎತ್ತರ. ಕಮೀಲ್ ಜಾಸ್ತಿ ಜನರನ್ನು ಕೊಂದಿದ್ದು 1969ರಲ್ಲಲ್ಲ, 2005ರಲ್ಲಿ ಅಂತ ಆ ಕಡೆಯವರು ಹೇಳುವುದು ಇದಕ್ಕೇ. ಇನ್ನು ನಾಯಿ ಬೆಕ್ಕು ಬಿಟ್ಟು ಬರೋದಿಲ್ಲ ಅಂತ ಉಳಿದವರೂ ಇದ್ದರು. ನಗಬೇಡಿ, 2006ರಲ್ಲಿ ಸಾಕುಪ್ರಾಣಿಗಳಿಗೂ ವ್ಯವಸ್ಥೆ ಇರಲಿ ಅಂತ ಅಲ್ಲಿ ಕಾನೂನೇ ಮಾಡಬೇಕಾಯಿತು.

ಪ್ರಶ್ನೆ: ನೀರು ತಡೆಗೋಡೆಯ ಮೇಲಿಂದ ಉಕ್ಕಿ ಬಂತು ಅಂತ ಓದಿದ್ದೇನೆ. ನೀವು ಗೋಡೆಯೇ ಬಿತ್ತು ಅಂತೀರಿ. ಯಾವುದು ಸರಿ?
– ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಎರಡೂ ಆಯಿತು. ಒಟ್ಟು 50ಕ್ಕೂ ಹೆಚ್ಚು ಕಡೆ ಒಡೆಯಿತು. ಕೆಲವು ಕಡೆ ನೀರು ಉಕ್ಕಿ, ಹಿಂಬದಿ ಮಣ್ಣು ಕೊರೆದು ಒಡ್ಡನ್ನು ಕೆಡವಿತು. ಆದರೆ 17ನೇ ಸ್ಟ್ರೀಟ್ ಕಾಲುವೆ, ಲಂಡನ್ ಅವೆನ್ಯೂ ಕಾಲುವೆಗಳಲ್ಲಿ ನೀರು ಗೋಡೆಯ ತಲೆ ಮುಟ್ಟುವ ಮೊದಲೇ ಗೋಡೆ ಸರಿದು ಬಿತ್ತು. ಬುಡದಲ್ಲಿ ಮೆತ್ತನೆ ಮಣ್ಣು, ಮರಳು. ಗೋಡೆಗೆ ಆಧಾರವಾಗಿ ನೆಲದೊಳಗೆ ಹೊಡೆಯುವ ಉಕ್ಕಿನ ಹಾಳೆಗಳನ್ನು ಬೇಕಾದಷ್ಟು ಆಳಕ್ಕೆ ಇಳಿಸಿರಲಿಲ್ಲ. ಕಟ್ಟಿದ್ದು ಅಮೆರಿಕದ ಸೇನೆಯ ಎಂಜಿನಿಯರಿಂಗ್ ದಳ. ವಿನ್ಯಾಸದಲ್ಲೇ ತಪ್ಪಿತ್ತು ಅಂತ 2006ರಲ್ಲಿ ಅವರೇ ಒಪ್ಪಿಕೊಂಡರು. ಹಾಗಾಗಿ ನ್ಯೂ ಆರ್ಲಿಯನ್ಸ್‌ನ ಕಥೆಯನ್ನು ಪ್ರಕೃತಿ ವಿಕೋಪ ಅಂತ ಸುಮ್ನೆ ಕರೆಯುವುದು ನನಗೆ ಒಪ್ಪಿಗೆ ಇಲ್ಲ. ಒಂದು ಕಡೆ ನದಿ, ಇನ್ನೊಂದು ಕಡೆ ದೊಡ್ಡ ಕೆರೆ, ನಡುವೆ ಬಾಣಲೆ ಥರ ಊರು. ಒಳಗೆ ಬಂದ ನೀರು ತಾನಾಗಿ ಹೊರಗೆ ಹೋಗುವ ಮಾತೇ ಇಲ್ಲ. ಪಂಪ್ ಮಾಡಿ ಖಾಲಿ ಮಾಡಲು ಸುಮಾರು ಆರು ವಾರ ಹಿಡಿಯಿತು.

ಆಮೇಲೆ ಸುಮಾರು 1,450 ಕೋಟಿ ಡಾಲರ್ ಸುರಿದು ಹೊಸ ಗೋಡೆ, ಗೇಟು, ಪಂಪು ಕಟ್ಟಿದರು. ಸರಿಯಾಗಿ 16 ವರ್ಷಕ್ಕೆ, 2021ರ ಅದೇ ಆಗಸ್ಟ್ 29ಕ್ಕೆ, ಐಡಾ ಚಂಡಮಾರುತ ಬಂತು. ಗೋಡೆ ನಿಂತಿತು. ಕರೆಂಟು ಮಾತ್ರ ಇಡೀ ಊರಿಗೇ ಹೋಯಿತು.

ಪ್ರಶ್ನೆ: ಫೋಟೋದಲ್ಲಿ ಮನೆಗಳ ಮೇಲೆ ದೊಡ್ಡ ಎಕ್ಸ್ ಗುರುತು ಇದೆ. ಕೆಡವಬೇಕಾದ ಮನೆ ಅಂತಲೇ?
– ಓದುಗರೊಬ್ಬರು, ಮೈಸೂರು

ಅಲ್ಲ. ಹುಡುಕಾಟದ ತಂಡ ಒಳಗೆ ಹೋಗಿ ಬಂದ ಗುರುತು ಅದು. ಎಕ್ಸ್‌ನ ಒಂದು ಬದಿಗೆ ಯಾವ ತಂಡ, ಮೇಲೆ ತಾರೀಖು, ಮತ್ತೊಂದು ಬದಿಗೆ ಒಳಗಿನ ಅಪಾಯ, ಕೆಳಗೆ ಸಿಕ್ಕವರ ಲೆಕ್ಕ. ವಾಪಸ್ ಬಂದವರು ಬಾಗಿಲು ತೆಗೆಯುವ ಮೊದಲು ಆ ಕೆಳಗಿನ ಅಂಕಿ ನೋಡಬೇಕಿತ್ತು. ಅದೇ ಫೋಟೋದಲ್ಲಿ ರಸ್ತೆಯುದ್ದಕ್ಕೂ ನಿಂತಿರುವ ಫ್ರಿಜ್ಜುಗಳನ್ನು ಗಮನಿಸಿದಿರಾ? ಕರೆಂಟಿಲ್ಲದೆ, ಆಗಸ್ಟ್ ಸೆಖೆಯಲ್ಲಿ ವಾರಗಟ್ಟಲೆ ಕೊಳೆತವು. ತೆಗೆದರೆ ಸತ್ತೆವು ಅಂತ ಟೇಪು ಸುತ್ತಿ ಹೊರಗಿಟ್ಟರು. ಅದರ ಮೇಲೆ ಸರ್ಕಾರವನ್ನು ಬೈದು ಬರೆದವರೂ ಉಂಟು.

ಪ್ರಶ್ನೆ: ಬೋಟಿನವರ ಗತಿ ಏನಾಯಿತು? ನೀವು ಬರೆಯಲೇ ಇಲ್ಲ.
– ಓದುಗರೊಬ್ಬರು, ಮಲ್ಪೆ

ಬರೆಯಬೇಕಿತ್ತು, ತಪ್ಪಾಯಿತು. ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ಸಿಗಡಿ ಹಿಡಿಯುವವರಲ್ಲಿ ವಿಯೆಟ್ನಾಂನಿಂದ ಬಂದು ನೆಲೆಸಿದವರು ತುಂಬಾ ಜನ. ಬೋಟು ಒಡೆದವರು ಒಂದು ಕಡೆ. ಬೋಟು ಉಳಿಸಿಕೊಂಡವರಿಗೂ ಐಸ್ ಪ್ಲಾಂಟ್ ಇಲ್ಲ, ಡೀಸೆಲ್ ಇಲ್ಲ, ಮೀನು ಕೊಳ್ಳುವ ಕಾರ್ಖಾನೆ ಇಲ್ಲ. ಹಿಡಿದು ಏನು ಮಾಡುವುದು ಹೇಳಿ. ಅದಕ್ಕೂ ಮೊದಲೇ ಹೊರದೇಶದ ಸಿಗಡಿ ಬಂದು ಬೆಲೆ ಬಿದ್ದಿತ್ತು. ಅದರಲ್ಲಿ ನಮ್ಮ ದೇಶದ್ದೂ ಸೇರಿತ್ತು. 2005ರ ಆರಂಭದಲ್ಲೇ ಅಮೆರಿಕ ಭಾರತದ ಸಿಗಡಿಗೆ ಹೆಚ್ಚುವರಿ ಸುಂಕ ಹಾಕಿತ್ತು. ಹೇಗೋ ಚೇತರಿಸಿಕೊಳ್ಳುವಾಗ 2010ರಲ್ಲಿ ಅದೇ ಕಡಲಲ್ಲಿ, ಅಂದರೆ ಮೆಕ್ಸಿಕೋ ಕೊಲ್ಲಿಯಲ್ಲಿ, ಎಣ್ಣೆ ಬಾವಿ ಸಿಡಿದು ತೈಲ ಹರಡಿತು, ಮತ್ತೆ ಮೀನುಗಾರಿಕೆ ಬಂದ್.

ಪ್ರಶ್ನೆ: ಸತ್ತವರು 1,833 ಅಂತ ಒಂದು ಕಡೆ, 1,392 ಅಂತ ಇನ್ನೊಂದು ಕಡೆ. ಯಾಕೆ ಹೀಗೆ?
– ಓದುಗರೊಬ್ಬರು, ಹಾಸನ

ಮೊದಲನೆಯದು ಬಹಳ ಕಾಲ ಚಾಲ್ತಿಯಲ್ಲಿದ್ದ ಲೆಕ್ಕ. ಎರಡನೆಯದು ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ 2023ರಲ್ಲಿ ತಿದ್ದಿದ್ದು.

ಪ್ರಶ್ನೆ: ಮಗಳು ಅಳಿಯ ಹ್ಯೂಸ್ಟನ್‌ನಲ್ಲಿ ಮನೆ ಕೊಂಡಿದ್ದಾರೆ. ಮನೆಗೆ ವಿಮೆ ಇದೆ, ಪ್ರವಾಹಕ್ಕೆ ಬೇರೆ ಯಾಕೆ, ನಮ್ಮ ಏರಿಯಾ ಪ್ರವಾಹದ ಮ್ಯಾಪಿನಲ್ಲೇ ಇಲ್ಲ ಅಂತಾರೆ ಅಳಿಯ. ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಅಮ್ಮ, ಅಳಿಯನ ಜೊತೆ ಜಗಳ ತಂದಿಡುವ ಆಸೆ ನನಗಿಲ್ಲ. ಆದರೆ ಕತ್ರಿನಾ ನಂತರ ವರ್ಷಗಟ್ಟಲೆ ಜನರನ್ನು ಅರೆದಿದ್ದೇ ಈ ವಿಷಯ. ಅಲ್ಲಿ ಮಾಮೂಲಿ ಮನೆ ವಿಮೆ ಗಾಳಿಯ ಹಾನಿಗೆ ಕೊಡುತ್ತದೆ, ಪ್ರವಾಹಕ್ಕೆ ಕೊಡುವುದಿಲ್ಲ. ಮಿಸಿಸಿಪ್ಪಿ ತೀರದಲ್ಲಿ ಸಾವಿರಾರು ಮನೆಗಳಲ್ಲಿ ಉಳಿದಿದ್ದು ಬರೀ ತಳದ ಕಾಂಕ್ರೀಟು. ಗೋಡೆಯನ್ನು ಮೊದಲು ಕಿತ್ತಿದ್ದು ಗಾಳಿಯೋ, ಆಮೇಲೆ ಬಂದ ನೀರೋ? ಸಾಕ್ಷಿ ಹೇಳಲು ಗೋಡೆಯೇ ಇಲ್ಲ. ಕಂಪನಿಗಳು ನೀರು ಅಂದವು, ಜನ ಗಾಳಿ ಅಂದರು, ಕೋರ್ಟು ತುಂಬಿತು. ಪಾಸ್ಕಗೂಲದಲ್ಲಿ ಮನೆ ಕಳೆದುಕೊಂಡ ಸೆನೆಟರ್ ಟ್ರೆಂಟ್ ಲಾಟ್ ಕೂಡ ವಿಮಾ ಕಂಪನಿ ಮೇಲೆ ಕೇಸು ಹಾಕಬೇಕಾಯಿತು. ಅಂಥವರಿಗೇ ಹೀಗಾದರೆ ಉಳಿದವರ ಪಾಡು ಬಿಡಿ.

ಲೂಯಿಸಿಯಾನಾದಲ್ಲಿ ಮನೆ ಕಟ್ಟಿಕೊಳ್ಳಲು ಸರ್ಕಾರ ಕೊಟ್ಟ ನೆರವೂ ಅಷ್ಟೇ. ರಿಪೇರಿ ಖರ್ಚು, ಮನೆಯ ಹಳೆಯ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನು ಹಿಡಿದು ಲೆಕ್ಕ ಹಾಕಿದರು. ಮರ, ಸಿಮೆಂಟಿನ ರೇಟು ಎಲ್ಲರಿಗೂ ಒಂದೇ, ಆದರೆ ಕರಿಯರ ಕೇರಿಯಲ್ಲಿ ಮನೆಯ ಬೆಲೆ ಕಮ್ಮಿ, ಹಾಗಾಗಿ ದುಡ್ಡೂ ಕಮ್ಮಿ. 2000ದಲ್ಲಿ 4,84,674 ಇದ್ದ ನ್ಯೂ ಆರ್ಲಿಯನ್ಸ್ ಜನಸಂಖ್ಯೆ 2010ರಲ್ಲಿ 3,43,829. ಅದರ ಹಿಂದೆ ಈ ಲೆಕ್ಕಾಚಾರದ ಪಾಲೂ ಇದೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮ್ಯಾಪಿನ ಮಾತು. ಪ್ರವಾಹದ ಅಪಾಯ ಹೆಚ್ಚಿರುವ ಜಾಗಗಳನ್ನು ಸರ್ಕಾರ ಗುರುತಿಸಿದ ಮ್ಯಾಪ್ ಅದು. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ ನೀರು ನುಗ್ಗಿದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮ್ಯಾಪಿನ ಹೊರಗೇ ಇದ್ದವು, ಹೆಚ್ಚಿನವಕ್ಕೆ ಪ್ರವಾಹ ವಿಮೆ ಇರಲಿಲ್ಲ. ಸರ್ಕಾರದ್ದೇ ಒಂದು ಯೋಜನೆ ಇದೆ, ಮನೆಗೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್‌ವರೆಗೆ ಸಿಗುತ್ತದೆ. ಒಂದು ತೊಡಕು ಮಾತ್ರ ನೆನಪಿರಲಿ: ಸಾಮಾನ್ಯವಾಗಿ ಪಾಲಿಸಿ ಜಾರಿಗೆ ಬರುವುದು 30 ದಿನದ ಮೇಲೆ. ಟಿವಿಯಲ್ಲಿ ಚಂಡಮಾರುತ ಕಾಣಿಸಿದ ಮೇಲೆ ಓಡಿದರೆ ಆಗದು. ಸೀಸನ್ ಶುರುವಾಗುವುದು ಜೂನ್ 1ಕ್ಕೆ, ಏಪ್ರಿಲ್ ಮುಗಿಯುವುದರೊಳಗೆ ಮಾಡಿಸಿಬಿಡಲಿ. ಅಳಿಯನಿಗೆ ನೀವೇ ಹೇಳಿ, ಪತ್ರಿಕೆಯವರು ಹೇಳಿದರು ಅನ್ನಬೇಡಿ.