ಸಿನಿಮಾ, ನಗರ, ಯುದ್ಧ ಮೂರನ್ನೂ ಒಟ್ಟಿಗೆ ಅಧ್ಯಯನ ಮಾಡಿದ ವಿದ್ವಾಂಸರು ಯಾರಾದರೂ ಇದ್ದಾರಾ?
ಇದ್ದಾರೆ. ನನಗೆ ಮೊದಲು ನೆನಪಾಗುವುದು ಜರ್ಮನಿಯ ಸೀಗ್‌ಫ್ರೀಡ್ ಕ್ರಾಕವರ್. ಓದಿದ್ದು ವಾಸ್ತುಶಿಲ್ಪ. 1921ರಲ್ಲಿ ಫ್ರಾಂಕ್‌ಫರ್ಟಿನ ಪತ್ರಿಕೆ ಸೇರಿದರು. ಬರ್ಲಿನ್ನಿನ ಬೀದಿ, ಅರಮನೆಯಂಥ ಚಿತ್ರಮಂದಿರ, ಕೆಲಸ ಮುಗಿಸಿ ಅಲ್ಲಿಗೆ ಬರುವ ಗುಮಾಸ್ತರ ಬಗ್ಗೆ ಬರೆದರು.

ಯಹೂದಿ ಆಗಿದ್ದರಿಂದ 1933ರಲ್ಲಿ ಪ್ಯಾರಿಸ್‌ಗೆ, 1941ರಲ್ಲಿ ನ್ಯೂಯಾರ್ಕ್‌ಗೆ ಹೋಗಬೇಕಾಯಿತು. ಆಗ ವಯಸ್ಸು 52. ಆ ವಯಸ್ಸಲ್ಲಿ ಇಂಗ್ಲಿಷಿನಲ್ಲಿ ಬರೆಯಲು ಶುರು ಮಾಡುವುದು ಎಷ್ಟು ಕಷ್ಟ ಅಲ್ವಾ?

ಅಲ್ಲಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ನಾಜಿಗಳ ಯುದ್ಧದ ಸಿನಿಮಾಗಳನ್ನು ಒಂದೊಂದೇ ದೃಶ್ಯವಾಗಿ ಬಿಡಿಸಿ ನೋಡಿದರು. ತೆರೆಯ ಮೇಲೆ ನಕ್ಷೆ, ಅದರಲ್ಲಿ ಸರ್ರನೆ ನುಗ್ಗುವ ಬಾಣದ ಗುರುತು. ಅದು ಸುಮ್ನೆ ಮಾಹಿತಿಯಲ್ಲ, ನಮ್ಮ ಸೇನೆಗೆ ಸೋಲೇ ಇಲ್ಲ ಎಂದು ನಂಬಿಸುವ ತಂತ್ರ ಎಂದು ತೋರಿಸಿದರು. ನನಗೆ ಅವರ ಬರಹದಲ್ಲಿ ಜಾಸ್ತಿ ಇಷ್ಟವಾಗುವುದು ಇದೇ ಭಾಗ. 1947ರಲ್ಲಿ ಜರ್ಮನ್ ಸಿನಿಮಾದ ಚರಿತ್ರೆ ಪ್ರಕಟಿಸಿದರು. 1966ರಲ್ಲಿ ತೀರಿಕೊಳ್ಳುವವರೆಗೂ ಪ್ರಾಧ್ಯಾಪಕ ಹುದ್ದೆ ಮಾತ್ರ ಅವರಿಗೆ ಸಿಗಲೇ ಇಲ್ಲ.