ವೈಟ್‌ಹಾರ್ಸ್, ಡಾಸನ್‌ನಲ್ಲಿ ಎರಡೆರಡು ದಿನ ಇದ್ದುಬಿಡಿ

ಜೂನ್‌ನಲ್ಲಿ ಐದು ಆರ್‌ವಿಗಳ (ಮಲಗೋಕೆ, ಅಡುಗೆಗೆ ಅನುಕೂಲವಿರೋ ದೊಡ್ಡ ಗಾಡಿಗಳ) ಗುಂಪಿನಲ್ಲಿ ಅಲಾಸ್ಕಕ್ಕೆ ಹೋಗುವಾಗ ಕೆನಡಾದ ವೈಟ್‌ಹಾರ್ಸ್, ಡಾಸನ್ ಸಿಟಿಯಲ್ಲಿ ಎರಡೆರಡು ದಿನ ಸುಮ್ನೆ ನಿಲ್ಲೋದು ದಂಡವಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ದಯವಿಟ್ಟು ಆ ದಿನಗಳನ್ನು ಕಡಿಮೆ ಮಾಡಬೇಡಿ.

ಅಲಾಸ್ಕ ಹೈವೇ ಸುಮಾರು 2,200 ಕಿ.ಮೀ. ಉದ್ದ. ರಾತ್ರಿ ಸರಿಯಾಗಿ ಕತ್ತಲೇ ಆಗಲ್ಲ, ಹಾಗಾಗಿ ಇನ್ನೂ ಸ್ವಲ್ಪ ಓಡಿಸೋಣ ಅನ್ನಿಸುತ್ತೆ. ನಾವು ಹಾಗೇ ಮಾಡಿ, ನಾಲ್ಕನೇ ದಿನಕ್ಕೆ ಒಬ್ಬರ ಮೇಲೊಬ್ಬರು ಸಿಡುಕುತ್ತಿದ್ದೆವು. ಲಿಯರ್ಡ್ ನದಿ ಪಕ್ಕದ ಬಿಸಿನೀರ ಬುಗ್ಗೆಯಲ್ಲಿ ಅರ್ಧ ದಿನ ಕೂತ ಮೇಲೇ ಎಲ್ಲರ ಮುಖ ಸಡಿಲವಾಗಿದ್ದು.

ವೈಟ್‌ಹಾರ್ಸ್ ಕೆಲಸದ ಊರು. ಬಟ್ಟೆ ಒಗೆಯೋದು, ದಿನಸಿ, ಟೈರ್ ಎಲ್ಲ ಅಲ್ಲೇ ಮುಗಿಸಿ. ಸಂಜೆ ಎಸ್‌ಎಸ್ ಕ್ಲಾಂಡೈಕ್ ಹಡಗಿನ ಹತ್ತಿರ ನದಿ ದಂಡೆಯಲ್ಲಿ ನಡೆದಾಡಿ.

ಡಾಸನ್‌ನಲ್ಲಿ ಮಾತ್ರ ಏನೂ ಪ್ಲಾನ್ ಹಾಕ್ಕೋಬೇಡಿ. ಮಣ್ಣಿನ ಬೀದಿ, ಮರದ ಹಲಗೆಯ ಕಾಲುದಾರಿ. ಕೆಳಗಿನ ಹೆಪ್ಪುಗಟ್ಟಿದ ನೆಲ ಕರಗಿ, ಒಂದಕ್ಕೊಂದು ಒರಗಿ ನಿಂತ ಹಳೇ ಮರದ ಕಟ್ಟಡಗಳನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ನಿಂತಿದ್ದೆ. ರಾತ್ರಿ ಹನ್ನೊಂದಕ್ಕೆ ಮಿಡ್‌ನೈಟ್ ಡೋಮ್ ಗುಡ್ಡ ಹತ್ತಿ. ಕೆಳಗೆ ಕ್ಲಾಂಡೈಕ್ ನದಿಯ ತಿಳಿನೀರು ಯೂಕಾನ್ ನದಿಯ ಕೆಸರುನೀರಿಗೆ ಸೇರೋದು ಆಗಲೂ ಕಾಣುತ್ತೆ.

ಹಗಲು ಯಾರು ಎಲ್ಲಿಗಾದರೂ ಹೋಗಲಿ, ರಾತ್ರಿ ಊಟ ಒಟ್ಟಿಗೆ ಅಂತ ಇಟ್ಕೊಳ್ಳಿ. ಮುಂದಕ್ಕೆ ಹೊರಡೋ ದಿನ ಬೇಗ ಎದ್ದು ನದಿ ದಾಟಿಸುವ ಫೆರ್ರಿಗೆ ಸಾಲು ನಿಲ್ಲಿ. ಟಿಕೆಟ್ ತಗೋಬೇಕಿಲ್ಲ, ಆದರೆ ಐದು ಗಾಡಿಗೂ ಒಂದೇ ಸಲ ಜಾಗ ಸಿಗಲ್ಲ. ಆಚೆಯ ಅಮೆರಿಕ ಗಡಿ ಚೌಕಿ ರಾತ್ರಿ ಮುಚ್ಚಿರುತ್ತೆ.