ಮುಂಗಡ ಹಣ ಹಿಂತಿರುಗಿಸುವುದಾಗಿ ಮನೆ ಮಾಲೀಕರು ಬರೆದುಕೊಟ್ಟಿದ್ದಾರೆ, ಆದರೆ ಕೊಡುತ್ತಿಲ್ಲ. ಪೊಲೀಸರಿಗೆ ದೂರು ಕೊಡಬಹುದೇ?

ನಿಮ್ಮ ಮಾಲೀಕರು "ಕೈಗೆ ದುಡ್ಡು ಬಂದ ಮೇಲೆ" ಎಂದು ಬರೆದಿದ್ದಾರೆ. ನಮ್ಮ ಮಾಲೀಕರು "ಈ ಸಾಲಿನ ಅಡಿಕೆ ಮಾರಿದ ಕೂಡಲೇ" ಎಂದು ಬರೆದಿದ್ದರು. ಶಿವಮೊಗ್ಗದ ವಿನೋಬನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ತೀರ್ಥಹಳ್ಳಿ ಕಡೆಯ ತೋಟದವರು. ಮನೆ ಖಾಲಿ ಮಾಡುವ ದಿನ, ಒಂದೂವರೆ ಲಕ್ಷ ರೂಪಾಯಿ ಮುಂಗಡ ಸದ್ಯಕ್ಕೆ ಹೊಂದುವುದಿಲ್ಲವೆಂದು ಹೇಳಿ, ಅಡಿಕೆ ಮಂಡಿಯವರು ಹಂಚುವ ಡೈರಿಯಿಂದ ಹಾಳೆಯೊಂದನ್ನು ಹರಿದು ಆ ಒಂದು ಸಾಲು ಬರೆದು ಸಹಿ ಹಾಕಿದರು. ನಾನು ಮನೆಯ ಕೀಲಿ ಕೊಟ್ಟೆ.

ನಷ್ಟವಾದದ್ದು ಅಲ್ಲಿಯೇ. ಚೀಟಿಯಲ್ಲಿ ಹಣ ಕೊಡುವ ತಾರೀಕೂ ಇರಲಿಲ್ಲ, ಬರೆದ ತಾರೀಕೂ ಇರಲಿಲ್ಲ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಅನುಕೂಲಸ್ಥರು ಒಂದೇ ದಿನ ಮಾರಿ ಮುಗಿಸುವುದಿಲ್ಲ. ಚೀಲ ಕಟ್ಟಿಟ್ಟು ರಾಶಿ ಇಡಿ ಎಂಬ ಬಗೆಯ ಅಡಿಕೆಯ ಧಾರಣೆ ನೋಡುತ್ತಾ ಕಾಯುತ್ತಾರೆ, ಧಾರಣೆ ಏರಿದರೆ ಇನ್ನೂ ಏರಲಿ ಎನ್ನುತ್ತಾರೆ, ಇಳಿದರೆ ಈಗ ಹೇಗೆ ಮಾರುವುದು ಎನ್ನುತ್ತಾರೆ. ಸ್ವಲ್ಪ ಮಾರಿದರೂ ಅದು ಬೆಳೆ ಸಾಲಕ್ಕೆ ಹೋಯಿತು ಎಂದು ಹೇಳಬಹುದು. ಮರುವರ್ಷ ಕೊಳೆ ರೋಗ ಬಂದರಂತೂ ಕೇಳುವುದೇ ಬೇಡ. ಅಂದರೆ ನನ್ನ ಹಣ ಯಾವಾಗ ಬರಬೇಕೆಂಬುದನ್ನು ನಾನು ಅವರ ಮರ್ಜಿಗೇ ಬಿಟ್ಟಂತಾಗಿತ್ತು. ತೋಟದ ಮನೆಗೆ ಹೋದಾಗಲೆಲ್ಲ "ಬನ್ನಿ, ಬನ್ನಿ" ಎಂದು ಕಾಫಿ ಕೊಟ್ಟು ಎಲೆ ಅಡಿಕೆಯ ತಟ್ಟೆ ಮುಂದಿಡುತ್ತಿದ್ದರು. ಅಷ್ಟು ಉಪಚಾರ ಮಾಡಿಸಿಕೊಂಡು ಗಟ್ಟಿಯಾಗಿ ಹಣ ಕೇಳಲು ಮಲೆನಾಡಿನವರಿಗೆ ಬಾಯಿ ಬರುವುದಿಲ್ಲ.

ಕೊನೆಗೆ ವಕೀಲರ ಬಳಿ ಹೋದಾಗ ತಿಳಿದದ್ದೇನೆಂದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಪ್ರಾಮಿಸರಿ ನೋಟು, ಅಂದರೆ ಹಣ ಕೊಡುತ್ತೇನೆಂದು ಬರೆದುಕೊಡುವ ಪತ್ರ, ಯಾವ ಷರತ್ತೂ ಇಲ್ಲದ ವಾಗ್ದಾನವಾಗಿರಬೇಕು. ನನ್ನ ಚೀಟಿಯಲ್ಲಿ ಅಡಿಕೆಯ ಷರತ್ತಿತ್ತು, ರೆವಿನ್ಯೂ ಸ್ಟಾಂಪೂ ಇರಲಿಲ್ಲ. ಹಾಗೆಂದು ಅದು ರದ್ದಿ ಕಾಗದವಲ್ಲ. ಹಣ ಬಾಕಿಯಿದೆ ಎಂದು ಅವರೇ ಸಹಿ ಹಾಕಿ ಒಪ್ಪಿಕೊಂಡದ್ದಕ್ಕೆ ಅದು ಸಾಕ್ಷ್ಯ. ಇಂತಹ ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದ್ದು, ಆ ಅವಧಿಯೊಳಗೆ ಬರೆದ ಒಪ್ಪಿಗೆಯ ದಿನದಿಂದ ಮೂರು ವರ್ಷಗಳು ಹೊಸದಾಗಿ ಆರಂಭವಾಗುತ್ತವೆ. ತಾರೀಕಿಲ್ಲದಿದ್ದರೆ ಯಾವ ದಿನ ಬರೆದದ್ದು ಎಂಬುದನ್ನೇ ಬೇರೆ ಸಾಕ್ಷ್ಯದಿಂದ ತೋರಿಸಬೇಕಾಗುತ್ತದೆ.

ಆದ್ದರಿಂದ ಚೀಟಿಯ ಮಾತನ್ನು ನಡೆಸಿಕೊಡುವಂತೆ ಅವರನ್ನು ಒತ್ತಾಯಿಸುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. "ಕೈಗೆ ದುಡ್ಡು ಬಂದ ಮೇಲೆ" ಎಂಬ ಮಾತು ನಡೆಸಿಕೊಟ್ಟರೆಷ್ಟು, ಬಿಟ್ಟರೆಷ್ಟು? ಬಾಡಿಗೆ ಕರಾರು ಪತ್ರ ಮತ್ತು ಮುಂಗಡ ಕೊಟ್ಟ ಬ್ಯಾಂಕ್ ದಾಖಲೆಯ ಆಧಾರದ ಮೇಲೆ ಹಣ ಕೇಳಿ. ಚೀಟಿ ಅದರ ಬೆನ್ನಿಗಿರಲಿ. ಠಾಣೆಯಲ್ಲಿ ಇದು ಸಿವಿಲ್ ವಿಚಾರ ಎಂದು ಹೇಳಿ ಕಳಿಸುವ ಸಂಭವವೇ ಹೆಚ್ಚು, ಆ ಓಡಾಟ ಬೇಡ. ನಿರ್ದಿಷ್ಟ ದಿನದ ಗಡುವು ಹಾಕಿ, ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ.

ನಮ್ಮ ಯಜಮಾನರು ನೋಟಿಸಿಗೂ ಜಗ್ಗದಿದ್ದಾಗ ನಾನು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆ. ದಾವೆ ಹೂಡುವ ಮೊದಲೇ ಅಲ್ಲಿ ಪ್ರಕರಣವನ್ನು ಲೋಕ ಅದಾಲತ್‌ಗೆ ಒಯ್ಯಬಹುದು, ನ್ಯಾಯಾಲಯ ಶುಲ್ಕವಿಲ್ಲ. ಇಬ್ಬರೂ ರಾಜಿಯಾದರೆ ಆ ತೀರ್ಪಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ಆದೇಶದ, ಬಲವಿರುತ್ತದೆ. ಊರಿನ ನಾಲ್ಕು ಜನರ ಎದುರು ಹಾಜರಾಗಬೇಕಾಯಿತೆಂಬ ಮುಜುಗರಕ್ಕೋ ಏನೋ, ಯಜಮಾನರು ರಾಜಿಗೆ ಒಪ್ಪಿ ತಾರೀಕು ಹಾಕಿದ ಎರಡು ಚೆಕ್ಕು ಕೊಟ್ಟರು, ಎರಡೂ ಪಾಸಾದವು. ಬಡ್ಡಿಯ ಆಸೆಯನ್ನು ಬಿಟ್ಟೆ. ನಿಮಗೂ ಚೆಕ್ಕು ಸಿಕ್ಕರೆ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಅದು ಬೌನ್ಸಾದರೆ, ಬ್ಯಾಂಕಿನ ಮಾಹಿತಿ ಕೈಸೇರಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ಇಲ್ಲವಾದರೆ ಚೆಕ್ ಬೌನ್ಸಿಗೆ ಕ್ರಿಮಿನಲ್ ಪ್ರಕರಣ ಹೂಡುವ, ಅದೇ 1881ರ ಕಾಯ್ದೆಯ ಕಲಂ 138ರ ದಾರಿ ಮುಚ್ಚಿಹೋಗುತ್ತದೆ.